ತಣ್ಣೀರಿನ ಗಿರಾಕಿ

ಸಿಯಾಟಲ್ ನಗರಕ್ಕೆ ಎರಡು ನೀರು. ಪೂರ್ವಕ್ಕೆ ಲೇಕ್ ವಾಷಿಂಗ್ಟನ್, ಸಿಹಿನೀರಿನ ಸರೋವರ. ಪಶ್ಚಿಮಕ್ಕೆ ಪ್ಯೂಜೆಟ್ ಸೌಂಡ್, ಪೆಸಿಫಿಕ್ ಸಾಗರ ಒಳನಾಡಿಗೆ ಚಾಚಿದ ಉಪ್ಪುನೀರಿನ ತೋಳು. ನಡುವೆ ಒಂದು ಕಾಲುವೆ, ಕಾಲುವೆಯ ತುದಿಗೆ 1917ರಲ್ಲಿ ತೆರೆದ ಬ್ಯಾಲರ್ಡ್ ಲಾಕ್ಸ್. ಸರೋವರದ ಕಡೆಯಿಂದ ಬಂದ ದೋಣಿ ಕಟ್ಟೆಯೊಳಗೆ ನಿಲ್ಲುತ್ತದೆ. ಹಿಂದಿನ ಬಾಗಿಲು ಮುಚ್ಚಿ, ನೀರು ಇಳಿದು, ಮುಂದಿನ ಬಾಗಿಲು ತೆರೆದರೆ ಸಮುದ್ರ. ಮೀನು ಹಿಡಿಯುವ ದೊಡ್ಡ ಹಡಗಿಗೂ ಇದೇ ದಾರಿ, ಒಬ್ಬನೇ ಕೂರುವ ಕಯಾಕಿಗೂ ಇದೇ ದಾರಿ. ಆಗಸ್ಟ್ ತಿಂಗಳ ಮಧ್ಯಾಹ್ನ ಸರೋವರದ ನೀರು 20 ಡಿಗ್ರಿ ದಾಟಿರುತ್ತದೆ, ಮಕ್ಕಳು ಕೇಕೆ ಹಾಕಿ ಧುಮುಕುತ್ತಿರುತ್ತಾರೆ. ಬಾಗಿಲಿನ ಆಚೆ ಅದೇ ದಿನ, ಅದೇ ಬಿಸಿಲಿನ ಕೆಳಗೆ, ನೀರು 13ರ ಆಸುಪಾಸು.

ಕಯಾಕ್ ಹಿಡಿದವರ ಗೊಂದಲ ಶುರುವಾಗುವುದೇ ಇಲ್ಲಿ. ಕಿಟಕಿಯಾಚೆ ನೋಡಿ ಬಟ್ಟೆ ಹಾಕಿಕೊಳ್ಳುವುದು ಮನುಷ್ಯರ ರೂಢಿ. ಕಿಟಕಿ ಕೊಡುವುದು ಗಾಳಿಯ ಸಮಾಚಾರ. ಮಗುಚಿದಾಗ ಬೀಳುವುದು ನೀರಿಗೆ. ಜುವಾನ್ ಡಿ ಫುಕಾ ಜಲಸಂಧಿಯಿಂದ ಒಳನುಗ್ಗುವ ಆಳದ ತಣ್ಣೀರು ಅಡ್ಮಿರಾಲ್ಟಿ ಇನ್‌ಲೆಟ್‌ನಲ್ಲಿ ಕಡಲತಳದ ದಿಬ್ಬ ಹತ್ತುವಾಗ ಭರತ ಇಳಿತಗಳಿಗೆ ಸಿಕ್ಕಿ ಕಲಕಿಹೋಗುತ್ತದೆ. ಮೇಲ್ಪದರ ಬಿಸಿಲಿಗೆ ಕಾಯಲು ಪುರುಸೊತ್ತೇ ಸಿಗುವುದಿಲ್ಲ. ಹಾಗಾಗಿ ಪ್ಯೂಜೆಟ್ ಸೌಂಡಿನ ಹೆಚ್ಚಿನ ಕಡೆ ಚಳಿಗಾಲದ 7-8 ಡಿಗ್ರಿ ಬೇಸಿಗೆಯಲ್ಲಿ 13-14ಕ್ಕೆ ಏರಿದರೆ ಅದೇ ಹೆಚ್ಚು.

ಈ ನೀರಿನ ದಡಕ್ಕೆ ಬಂದು ಸೇರಿದ ಕನ್ನಡಿಗರಲ್ಲಿ ಒಬ್ಬ ಗಿರಾಕಿಯನ್ನು ಕಲ್ಪಿಸಿಕೊಳ್ಳಿ. ಕೆಲಸ ಸಾಫ್ಟ್‌ವೇರು, ಊರು ತೀರ್ಥಹಳ್ಳಿಯ ಕಡೆ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಸಿಕೊಂಡು ಬಾವಿಯಲ್ಲಿ ಈಜು ಕಲಿತವನು, ಮುಂದೆ ತುಂಗೆಯ ಮಡುಗಳಲ್ಲಿ ಅದನ್ನು ಹದಗೊಳಿಸಿಕೊಂಡವನು. ರಜೆ ಬಂದರೆ ಮಲ್ಪೆ, ಮರವಂತೆ. ಅಲ್ಲಿಯ ಕಡಲು ವರ್ಷದ ಬಹುಪಾಲು 27ರಿಂದ 30 ಡಿಗ್ರಿ. ಇಳಿದರೆ ಏಳುವ ಮನಸ್ಸಾಗದ ನೀರು. ಅವನಿಗೆ ಗೊತ್ತಿದ್ದಂತೆ ನೀರಿನಿಂದ ಬರುವ ಅಪಾಯಗಳು ಎರಡೇ: ಒಂದು ಸುಳಿ, ಇನ್ನೊಂದು ಅಮ್ಮನ ಬೈಗುಳ.

ಇಂಥವನು ಹಳೆಯದೊಂದು ಕಯಾಕನ್ನು ಅಗ್ಗಕ್ಕೆ ಕೊಂಡು, ಕಾರಿನ ತಲೆಯ ಮೇಲೆ ಕಟ್ಟಿ ಮನೆಗೆ ತಂದ. ಜೊತೆಯವರು ಕೇಳಿದ ಮೊದಲ ಪ್ರಶ್ನೆ ಕಯಾಕಿನ ಬಗ್ಗೆ ಇರಲಿಲ್ಲ. ಡ್ರೈಸೂಟ್ ಇದೆಯೇ ಎಂದು ಕೇಳಿದರು. ಡ್ರೈಸೂಟ್ ಎಂದರೆ ಕುತ್ತಿಗೆಯಿಂದ ಕಾಲ್ಬೆರಳವರೆಗೆ ನೀರು ನುಗ್ಗದ ಒಂದೇ ತುಂಡಿನ ಉಡುಪು. ಬೆಲೆ ನೋಡಿದರೆ, ಅವನು ಕೊಂಡ ಕಯಾಕಿಗಿಂತ ಜಾಸ್ತಿ. ದೋಣಿಗಿಂತ ಅಂಗಿ ದುಬಾರಿ ಎಂಬ ಲೆಕ್ಕ ಯಾವ ಗಿರಾಕಿಯ ಗಂಟಲಿಗೂ ಸುಲಭವಾಗಿ ಇಳಿಯುವುದಿಲ್ಲ. ಚೌಕಾಸಿ ಶುರುವಾಯಿತು.

ಮೊದಲ ಚೌಕಾಸಿ ಈಜಿನ ಹೆಸರಿನಲ್ಲಿ. ಈಜು ಬರುವವನಿಗೆ ಇದೆಲ್ಲ ಯಾಕೆ?

ಇದಕ್ಕೆ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಬಳಿ ಉತ್ತರವಿದೆ. ತಣ್ಣೀರು ದೇಹಕ್ಕೆ ಏನು ಮಾಡುತ್ತದೆ ಎಂದು ತಿಳಿಯಲು ಮತ್ತೆ ಮತ್ತೆ ತಾನೇ ಅದಕ್ಕೆ ಇಳಿದ ವಿಜ್ಞಾನಿ ಆತ. ಜನ ಪ್ರೀತಿಯಿಂದ ಪ್ರೊಫೆಸರ್ ಪಾಪ್ಸಿಕಲ್, ಅಂದರೆ ಐಸ್‌ಕ್ಯಾಂಡಿ ಮೇಷ್ಟ್ರು ಎನ್ನುತ್ತಾರೆ. ಅವರು ಜನಪ್ರಿಯಗೊಳಿಸಿದ ಸೂತ್ರ 1-10-1. ಕೊರೆಯುವ ನೀರಿಗೆ ಬಿದ್ದವರಿಗೆ ಉಸಿರನ್ನು ಹತೋಟಿಗೆ ತಂದುಕೊಳ್ಳಲು 1 ನಿಮಿಷ, ಕೈಕಾಲು ಹೇಳಿದ ಮಾತು ಕೇಳುವ ಸಮಯ 10 ನಿಮಿಷ, ದೇಹದ ಒಳಗಿನ ಶಾಖ ಇಳಿದು ಎಚ್ಚರ ತಪ್ಪಲು ಸುಮಾರು 1 ಗಂಟೆ.

ಗಿರಾಕಿ ಈ ಸೂತ್ರವನ್ನು ಹಿಂದಿನಿಂದ ಓದಿದ. ಒಂದು ಗಂಟೆ ಇದೆಯಲ್ಲ, ಅಷ್ಟರಲ್ಲಿ ದಡ ಸೇರಿ ಕಾಫಿಯನ್ನೂ ಕುಡಿಯಬಹುದು! ಆದರೆ ತಣ್ಣೀರು ಎಣಿಸುವುದು ಮುಂದಿನಿಂದಲೇ. ಮೈಗೆ ಹಠಾತ್ತನೆ ಚಳಿ ತಾಗಿದಾಗ ಬಾಯಿ ತಾನಾಗಿ ತೆರೆದು ದೊಡ್ಡದೊಂದು ಉಸಿರನ್ನು ಎಳೆದುಕೊಳ್ಳುತ್ತದೆ. ಅದನ್ನು ತಡೆಯುವ ಗುಂಡಿ ಮನುಷ್ಯರಲ್ಲಿ ಇಲ್ಲ. ತಲೆ ನೀರಿನ ಕೆಳಗಿದ್ದರೆ ಆ ಉಸಿರು ನೀರೇ. ಆಮೇಲೆ ಏದುಸಿರು, ಓಡುವ ಎದೆಬಡಿತ. ಬಾವಿಯಲ್ಲಿ ಕಲಿತ ಈಜು ಈ ಹೊತ್ತಿನಲ್ಲಿ ಕೈಗೆ ಬರುವುದಿಲ್ಲ. ಇದಕ್ಕೆ ಮಂಜುಗಡ್ಡೆ ತೇಲಬೇಕೆಂದೇನೂ ಇಲ್ಲ. 15 ಡಿಗ್ರಿಯ ಕೆಳಗೆ ಇಳಿದರೆ ಈ ಆಘಾತ ಗಂಭೀರ, 10ರ ಹೊತ್ತಿಗೆ ಅದು ತನ್ನ ಪೂರ್ತಿ ಕೈಚಳಕ ತೋರಿಸಿರುತ್ತದೆ. ಮುಂದಿನ ಹತ್ತು ನಿಮಿಷದಲ್ಲಿ ಬೆರಳುಗಳು ಮುಷ್ಕರ ಹೂಡುತ್ತವೆ; ದೋಣಿ ಹಿಡಿದು ಮೇಲೆ ಹತ್ತುವ ಕೆಲಸ ಅದರೊಳಗೇ ಮುಗಿಯಬೇಕು. ನೀರು ಅದೇ ತಾಪದ ಗಾಳಿಗಿಂತ ಸುಮಾರು 25 ಪಟ್ಟು ಚುರುಕಾಗಿ ಮೈಯ ಶಾಖವನ್ನು ಸಾಗಿಸುತ್ತದೆ, ರಜಾದಿನವೂ ಇಲ್ಲದೆ.

ಎರಡನೆಯ ಚೌಕಾಸಿ ಅಂಕಗಣಿತದ್ದು. ಅಮೆರಿಕದ ಕಯಾಕಿಗರಲ್ಲಿ ಬಹಳ ಕಾಲ ಓಡಾಡಿದ ಒಂದು ಲೆಕ್ಕವಿದೆ: ಗಾಳಿಯ ತಾಪ, ನೀರಿನ ತಾಪ ಎರಡನ್ನೂ ಫ್ಯಾರನ್‌ಹೀಟಿನಲ್ಲಿ ಕೂಡಿಸು, ಮೊತ್ತ 120 ಮುಟ್ಟಿದರೆ ವಿಶೇಷ ಉಡುಪು ಬೇಡ. ಗಿರಾಕಿಗೆ ಇದು ದೇವರು ಕೊಟ್ಟ ಲೆಕ್ಕ ಎನ್ನಿಸಿತು. ಗಾಳಿ 70, ಅಂದರೆ ಹಿತವಾದ 21 ಡಿಗ್ರಿ ಸೆಲ್ಸಿಯಸ್. ನೀರು 50, ಅಂದರೆ 10 ಡಿಗ್ರಿ. ಕೂಡಿದರೆ ಸರಿಯಾಗಿ 120, ಪಾಸು! ನೀರಿಗೆ ಬಿದ್ದವನಿಗೆ ಮೇಲಿನ ಹಿತವಾದ ಗಾಳಿಯಿಂದ ಸಿಗುವ ಲಾಭವೇನು ಎಂಬ ಪ್ರಶ್ನೆಗೆ ಈ ಲೆಕ್ಕದಲ್ಲಿ ಕಾಲಮ್ಮೇ ಇಲ್ಲ. ಅಮೆರಿಕದ ನ್ಯಾಷನಲ್ ಸೆಂಟರ್ ಫಾರ್ ಕೋಲ್ಡ್ ವಾಟರ್ ಸೇಫ್ಟಿ ಎಂಬ ಸಂಸ್ಥೆ ಕೂಡಿಸುವ ಕೆಲಸವನ್ನೇ ಬಿಟ್ಟು, ನೀರಿನ ತಾಪಕ್ಕೆ ತಕ್ಕ ಉಡುಪು ಹಾಕಿ ಎನ್ನುತ್ತದೆ. ಲೈಫ್ ಜಾಕೆಟ್ ಸದಾ ಮೈಮೇಲಿರಲಿ ಎಂಬುದು ಅದರ ಮೊದಲ ನಿಯಮ, ಉಡುಪಿನದು ಎರಡನೆಯದು. ಉಳಿದ ಮೂರು: ಸಲಕರಣೆಗಳನ್ನು ಮೊದಲೇ ಪರೀಕ್ಷಿಸಿ, ಪ್ರತಿ ಸಲ ಹೊರಡುವ ಮುಂಚೆ ನೀರಿಗಿಳಿದು ನೋಡಿ, ಆಗಬಹುದಾದ ಅತಿ ಕೆಟ್ಟದ್ದನ್ನು ಊಹಿಸಿ ಅದಕ್ಕೆ ಸಿದ್ಧರಾಗಿ. ಕೊನೆಯದರಲ್ಲಿ ಗಿರಾಕಿಗೆ ಮನೆಯಲ್ಲೇ ಒಳ್ಳೆಯ ತರಬೇತಿ ಸಿಕ್ಕಿತ್ತು. ಅವನ ಅಮ್ಮ ಬಸ್ಸು ಹತ್ತುವ ಮುಂಚೆಯೇ ಅದು ಘಾಟಿಯಲ್ಲಿ ಕೆಟ್ಟು ನಿಲ್ಲುವುದನ್ನು ಊಹಿಸಿ ಅವಲಕ್ಕಿ ಕಟ್ಟಿಕೊಳ್ಳುವವರು.

ಮೂರನೆಯದು ಕೌಶಲದ ಚೌಕಾಸಿ. ಮಗುಚಿದ ಕಯಾಕನ್ನು ಒಳಗೆ ಕೂತಂತೆಯೇ ಹುಟ್ಟು ಬೀಸಿ ಮತ್ತೆ ನೆಟ್ಟಗೆ ಮಾಡುವ ವಿದ್ಯೆಗೆ ರೋಲ್ ಎನ್ನುತ್ತಾರೆ. ರೋಲ್ ಕಲಿತರೆ ನೀರಿಗೆ ಬೀಳುವ ಪ್ರಶ್ನೆಯೇ ಇಲ್ಲವಲ್ಲ ಎಂಬುದು ವಾದ. ಗ್ರೀನ್‌ಲ್ಯಾಂಡಿನ ಬೇಟೆಗಾರರಿಂದ ಈ ವಿದ್ಯೆ ಕಲಿತ ಮೊದಮೊದಲ ಯುರೋಪಿಯನ್ನರಲ್ಲಿ ಇಂಗ್ಲೆಂಡಿನ ಜಿನೋ ವಾಟ್ಕಿನ್ಸ್ ಒಬ್ಬ. 1930-31ರ ಅನ್ವೇಷಣಾ ಯಾತ್ರೆಯ ನಾಯಕನಾಗಿ ಹೋಗಿ, ಅಲ್ಲಿಯವರ ಹಾಗೆ ಕಯಾಕ್ ನಡೆಸಿ ಸೀಲ್ ಬೇಟೆಯಾಡುವಷ್ಟು ಪಳಗಿದ. 1932ರ ಆಗಸ್ಟಿನಲ್ಲಿ ಅದೇ ಗ್ರೀನ್‌ಲ್ಯಾಂಡಿನಲ್ಲಿ ಒಬ್ಬನೇ ಬೇಟೆಗೆ ಹೋದವನು ಹಿಂದಿರುಗಲಿಲ್ಲ. ಕಯಾಕ್ ಮಗುಚಿ ತೇಲುತ್ತಿತ್ತು. ಆಗ ಅವನಿಗೆ 25 ವರ್ಷ. ಇದನ್ನು ಓದಿದ ಮೇಲೆ ಗಿರಾಕಿ ಆ ವಾದವನ್ನು ಮತ್ತೆ ಎತ್ತಲಿಲ್ಲ.

ಹಾಗೆ ನೋಡಿದರೆ ಗ್ರೀನ್‌ಲ್ಯಾಂಡಿನ ಇನುಯಿಟ್ ಜನಕ್ಕೆ ನೀರಿಗೆ ತಕ್ಕ ಉಡುಪಿನ ಪಾಠವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಿಮಿಂಗಿಲದ ಬೇಟೆಗೆ ಹೋಗುವಾಗ ಅವರು ಸೀಲ್ ಚರ್ಮದಲ್ಲಿ ಹೊಲಿದ ಮೈತುಂಬ ಉಡುಪು ಹಾಕುತ್ತಿದ್ದರು. ಬೂಟು, ಕೈಗವಸು, ಟೋಪಿ ಎಲ್ಲ ಒಂದೇ ಹೊಲಿಗೆಯಲ್ಲಿ. ಎದೆಯ ಮೇಲಿನ ತೂತಿನ ಮೂಲಕ ಒಳಗೆ ತೂರಿಕೊಂಡು ಆ ತೂತನ್ನು ಬಿಗಿಯಾಗಿ ಕಟ್ಟಿದರೆ ಆಯಿತು. ಒಳಗೆ ಗಾಳಿ ಉಳಿಯುವುದರಿಂದ ಮನುಷ್ಯ ತೇಲುತ್ತಿದ್ದ. ಅಂಥದ್ದೊಂದು ಉಡುಪು ಕೋಪನ್‌ಹೇಗನ್ನಿನ ಡೆನ್ಮಾರ್ಕ್ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಇಂದಿನ ಡ್ರೈಸೂಟ್ ಕಂಪನಿಗಳು ಹೊಸದಾಗಿ ಸೇರಿಸಿದ್ದು ಜಿಪ್ಪು, ಬಣ್ಣ ಮತ್ತು ಬೆಲೆಪಟ್ಟಿ.

ನಡುವೆ ಪಾಲ್ ಬಾಯ್ಟನ್ ಎಂಬ ಸಾಹಸಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅಮೆರಿಕದ ಸಿ.ಎಸ್. ಮೆರಿಮನ್ ರೂಪಿಸಿದ, ಗಾಳಿ ತುಂಬಬಹುದಾದ ರಬ್ಬರಿನ ಉಡುಪು ತೊಟ್ಟು ಈತ 1875ರ ಮೇ ತಿಂಗಳಲ್ಲಿ ಫ್ರಾನ್ಸಿನಿಂದ ಇಂಗ್ಲೆಂಡಿಗೆ ಇಂಗ್ಲಿಷ್ ಕಡಲ್ಗಾಲುವೆ ದಾಟಿದ. ಅಂಗಾತ ಮಲಗಿ, ಕಾಲು ಮುಂದೆ ಮಾಡಿ, ಎರಡು ಅಲಗಿನ ಹುಟ್ಟು ಹಾಕುತ್ತ, ಗಾಳಿ ಬಂದಾಗ ಕಾಲಿಗೆ ಪುಟ್ಟ ಹಾಯಿ ಕಟ್ಟಿಕೊಂಡು ಸುಮಾರು 24 ಗಂಟೆ ತೇಲಿದ. ಕಯಾಕಿನ ಖರ್ಚೇ ಇಲ್ಲ, ಸೂಟೇ ಕಯಾಕು! ಅದೇ ವರ್ಷ ಆಗಸ್ಟಿನಲ್ಲಿ ಕ್ಯಾಪ್ಟನ್ ಮ್ಯಾಥ್ಯೂ ವೆಬ್ ಮೈಗೆ ಎಣ್ಣೆ ಬಳಿದುಕೊಂಡು, ಯಾವ ಸೂಟೂ ಇಲ್ಲದೆ ಅದೇ ಕಡಲ್ಗಾಲುವೆಯನ್ನು 22 ಗಂಟೆಯೊಳಗೆ ಈಜಿ ದಾಟಿದ. ಇತಿಹಾಸ ವೆಬ್‌ನನ್ನು ಹಾಡಿ ಹೊಗಳಿತು. ಒಣಗಿ ಉಳಿದವರಿಗೆ ಚಪ್ಪಾಳೆ ಯಾವಾಗಲೂ ಸ್ವಲ್ಪ ಕಡಿಮೆ.

ಡ್ರೈಸೂಟ್ ಬೇಕೇ ಬೇಕು ಎಂದು ಒಪ್ಪಿದ ಗಿರಾಕಿ ಈಗ ಅಗ್ಗದ ನೆಂಟರನ್ನು ವಿಚಾರಿಸತೊಡಗಿದ. ಮೊದಲು ಕಂಡದ್ದು ವೆಟ್‌ಸೂಟ್. ಬರ್ಕ್ಲಿಯ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ 1950ರ ದಶಕದ ಆರಂಭದಲ್ಲಿ ಕಂಡುಕೊಂಡಂತೆ, ಮೈ ಒದ್ದೆಯಾದರೂ ಪರವಾಗಿಲ್ಲ. ನಿಯೋಪ್ರೀನ್ ಎಂಬ ರಬ್ಬರಿನೊಳಗಿನ ಗಾಳಿಗುಳ್ಳೆಗಳು ಶಾಖವನ್ನು ತಡೆದರೆ ಸಾಕು. ಬೆಲೆ ಕಡಿಮೆ, ಬಾಳಿಕೆ ಜಾಸ್ತಿ, ಅಲೆಯ ಮೇಲೆ ಸವಾರಿ ಮಾಡುವವರ ನೆಚ್ಚಿನ ಉಡುಪು. ಆದರೆ ಕಯಾಕಿಗರು ಗಂಟೆಗಟ್ಟಲೆ ಕೂತು ಭುಜ ತಿರುಗಿಸಬೇಕು. ತೋಳುಳ್ಳ ದಪ್ಪ ರಬ್ಬರು ಅದಕ್ಕೆ ಅಡ್ಡಿ. ಒಮ್ಮೆ ಒದ್ದೆಯಾದ ಮೇಲೆ ಗಾಳಿ ಬೀಸಿದರೆ ನಡುಕ.

ಮುಂದೆ ಡ್ರೈ ಟಾಪ್. ಸೊಂಟದ ಮೇಲಕ್ಕೆ ಮಾತ್ರ ನೀರು ನುಗ್ಗದ ಅಂಗಿ. ಕೆಳಗೆ ಕಯಾಕಿನ ಬಾಯಿಗೆ ಬಿಗಿಯುವ ಸ್ಪ್ರೇ ಸ್ಕರ್ಟು. ಇದರ ಗುಣವನ್ನು ಗಿರಾಕಿ ಕಂಡ ಕೂಡಲೇ ಹಿಡಿದ. ಮಲೆನಾಡಿನ ಗದ್ದೆಯಲ್ಲಿ ಬೆನ್ನ ಮೇಲೆ ಹೊದೆಯುವ ಗೊರಬಿನ ಜಾತಿ ಇದು: ಬಗ್ಗಿ ನಾಟಿ ಮಾಡುವವರೆಗೆ ಎಂಥ ಮಳೆಗೂ ಜಗ್ಗುವುದಿಲ್ಲ, ಅಂಗಾತ ಬಿದ್ದರೆ ಕೆಲಸಕ್ಕೆ ಬಾರದು. ಕಯಾಕಿನಿಂದ ಹೊರಬಿದ್ದು ತೇಲುವವರಿಗೆ ಡ್ರೈ ಟಾಪಿನ ಸೊಂಟದಿಂದ ನೀರು ಒಳಗೆ ಬರುತ್ತದೆ. ಸೆಮಿ ಡ್ರೈ ಎಂಬ ಇನ್ನೊಂದಿದೆ. ಅದರ ಕತ್ತಿನ ಪಟ್ಟಿ ಲ್ಯಾಟೆಕ್ಸಿನ ಬದಲು ನಿಯೋಪ್ರೀನಿನದು. ಹಿತವಾಗಿರುತ್ತದೆ, ಆಗಾಗ ತೊಟ್ಟು ತೊಟ್ಟಾಗಿ ಒಳಗೂ ಬರುತ್ತದೆ. ಸಣ್ಣ ಓಡಾಟಕ್ಕೆ ಸಾಕು. ಡಿಸೆಪ್ಷನ್ ಪಾಸಿನಂಥ ಕಡೆ, ಸೇತುವೆಯ ಕೆಳಗೆ ಕಡಲೇ ನದಿಯಾಗಿ ಹರಿದು ಸುಳಿ ಎಬ್ಬಿಸುವಲ್ಲಿ, ತೊಟ್ಟುಗಳು ಸೇರಿ ಚೊಂಬಾಗುತ್ತವೆ.

ಕೊನೆಗೆ ಅಂಗಡಿ.

ಅಂಗಡಿಯಲ್ಲಿ ಮೊದಲ ಪಾಠ ಬಟ್ಟೆಯದು. ಹೊರಗಿನ ನೀರು ಒಳಗೆ ಬರಬಾರದು, ಒಳಗಿನ ಬೆವರು ಆವಿಯಾಗಿ ಹೊರಗೆ ಹೋಗಬೇಕು; ಈ ಎರಡು ಬೇಡಿಕೆಯನ್ನು ಒಟ್ಟಿಗೆ ಪೂರೈಸಲು ಹೊರಟವರಲ್ಲಿ ಗೋರ್‌ಟೆಕ್ಸ್ ಹೆಸರು ದೊಡ್ಡದು. ಅದರ ಹುಟ್ಟು ಒಂದು ಸಿಟ್ಟಿನಲ್ಲಿದೆ. 1969ರಲ್ಲಿ ಬಾಬ್ ಗೋರ್ ಬಿಸಿಮಾಡಿದ ಪಿಟಿಎಫ್‌ಇ ಪ್ಲಾಸ್ಟಿಕ್ಕಿನ ಸಲಾಕೆಯನ್ನು ಮೆಲ್ಲನೆ ಎಳೆದು ಉದ್ದ ಮಾಡಲು ನೋಡುತ್ತಿದ್ದ. ಪ್ರತಿ ಸಲವೂ ಅದು ತುಂಡಾಗುತ್ತಿತ್ತು. ತಾಳ್ಮೆ ತಪ್ಪಿ ಒಂದನ್ನು ಜೋರಾಗಿ ಜಗ್ಗಿದ. ಅದು ತುಂಡಾಗದೆ ಸುಮಾರು 800 ಶೇಕಡಾ ಹಿಗ್ಗಿತು! ಹಿಗ್ಗಿದ ವಸ್ತುವಿನ ತುಂಬ ಸೂಕ್ಷ್ಮ ರಂಧ್ರಗಳು, ನೀರಿನ ಹನಿ ತೂರದಷ್ಟು ಸಣ್ಣವು, ಆವಿ ನುಸುಳುವಷ್ಟು ದೊಡ್ಡವು. ತಾಳಿದವನು ಬಾಳಿಯಾನು ಎಂಬ ಗಾದೆ ಕೇಳಿ ಬೆಳೆದ ಗಿರಾಕಿಗೆ ಈ ಕತೆ ಸ್ವಲ್ಪ ಕಸಿವಿಸಿ ಮಾಡಿತು.

ಗೋರ್‌ಟೆಕ್ಸ್ ಸೂಟುಗಳ ಬೆಲೆ ಸಾವಿರ ಡಾಲರನ್ನು ಸಲೀಸಾಗಿ ದಾಟುತ್ತದೆ. ಕ್ಯಾಲಿಫೋರ್ನಿಯಾದ ಅರ್ಕೇಟಾದಲ್ಲಿರುವ ಕೊಕಟಾಟ್ ಈ ಬಟ್ಟೆಯ ಸೂಟುಗಳಿಗೆ ಹೆಸರುವಾಸಿ. ಐಡಾಹೊ ರಾಜ್ಯದ ಎನ್‌ಆರ್‌ಎಸ್, ಕೆನಡಾದ ಲೆವೆಲ್ ಸಿಕ್ಸ್, ಇಂಗ್ಲೆಂಡಿನ ಪಾಮ್ ಮೊದಲಾದವರದ್ದು ತಮ್ಮ ತಮ್ಮ ಪದರಗಳು, ತಮ್ಮ ತಮ್ಮ ಬೆಲೆಗಳು. ಬಟ್ಟೆ ಉಸಿರಾಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಎದೆಯ ಮೇಲೆ ಲೈಫ್ ಜಾಕೆಟ್, ಸೊಂಟಕ್ಕೆ ಸ್ಪ್ರೇ ಸ್ಕರ್ಟ್ ಬಿಗಿದ ಮೇಲೆ ಬಟ್ಟೆಗೆ ಉಸಿರಾಡಲು ಉಳಿಯುವುದು ತೋಳು, ಹೆಗಲು. ಪಾಪ, ಅಷ್ಟರಲ್ಲಿ ಅದು ಎಷ್ಟೆಂದು ಉಸಿರಾಡೀತು!

ಎರಡನೆಯ ಪಾಠ ಜಿಪ್ಪಿನದು. ನೀರು, ಗಾಳಿ ಎರಡನ್ನೂ ತಡೆಯುವ ಜಿಪ್ಪುಗಳ ವಂಶ ಎತ್ತರದಲ್ಲಿ ಹಾರುವ ಪೈಲಟ್‌ಗಳ ಮತ್ತು ಗಗನಯಾನಿಗಳ ಒತ್ತಡದ ಉಡುಪುಗಳಿಗೆ ಸೇರಿದ್ದು. ಲೋಹದ್ದಾದರೆ ಮೇಣ ಸವರಬೇಕು, ಪ್ಲಾಸ್ಟಿಕ್ಕಿನದಾದರೆ ತುದಿಗೆ ಎಣ್ಣೆಯಂಥ ಲೇಪ ಕೊಡಬೇಕು. ಬೆನ್ನ ಮೇಲೆ ಅಡ್ಡಕ್ಕೆ ಜಿಪ್ಪಿದ್ದರೆ ಎದೆಯ ಭಾಗ ಮೆತ್ತಗೆ, ಹುಟ್ಟು ಹಾಕಲು ಸಲೀಸು. ಮುಚ್ಚಲು ಮಾತ್ರ ಇನ್ನೊಬ್ಬರು ಬೇಕು. ಒಬ್ಬನೇ ಹೋಗುವವನು ಬೆಳಗಿನ ದಡದಲ್ಲಿ ನಾಯಿ ಅಡ್ಡಾಡಿಸುವ ಅಪರಿಚಿತರಿಗೆ ಬೆನ್ನು ತೋರಿಸಿ ನಿಲ್ಲಬೇಕಾಗುತ್ತದೆ. ಎದೆಯ ಮೇಲೆ ಓರೆಯಾಗಿ ಇಳಿಯುವ ಜಿಪ್ಪಾದರೆ ಸ್ವಾವಲಂಬನೆ. ಸಂಕೋಚದ ಗಿರಾಕಿ ಸ್ವಾವಲಂಬನೆಯನ್ನೇ ಆರಿಸಿಕೊಂಡ.

ಆಮೇಲೆ ಬರುವುದು ಯಾರೂ ಗಟ್ಟಿಯಾಗಿ ಮಾತಾಡದ, ಎಲ್ಲರಿಗೂ ಬೇಕಾದ ಸಣ್ಣ ಜಿಪ್ಪು. ಚಳಿಗೆ ಕೈಕಾಲಿನ ರಕ್ತ ದೇಹದ ನಡುವಿಗೆ ಸರಿಯುತ್ತದೆ; ಅಲ್ಲಿ ಜಾಸ್ತಿಯಾಯಿತೆಂದು ಮೂತ್ರಪಿಂಡಗಳು ಹೆಚ್ಚು ದುಡಿಯುತ್ತವೆ. ಅದರ ಮೇಲೆ ಬೆಳಗಿನ ಎರಡು ಲೋಟ ಕಾಫಿ. ಇಪ್ಪತ್ತು ನಿಮಿಷ ಹೆಣಗಿ ತೊಟ್ಟ ಸೂಟನ್ನು ದ್ವೀಪದ ದಡದಲ್ಲಿ ಪೂರ್ತಿ ಕಳಚುವುದಕ್ಕಿಂತ ಹೆಚ್ಚುವರಿ ದುಡ್ಡು ಕೊಟ್ಟು ಗಂಡಸರಿಗೆ ಮುಂದೊಂದು ಜಿಪ್ಪು, ಹೆಂಗಸರಿಗೆ ಹಿಂದೆ ಸೊಂಟದ ಸುತ್ತ ತೆರೆಯುವ ಜಿಪ್ಪು ಹಾಕಿಸಿಕೊಳ್ಳುವುದು ಜಾಣತನ. ಇದಕ್ಕೊಂದು ಷರತ್ತಿದೆ. ತೆರೆದ ಜಿಪ್ಪನ್ನು ಮುಚ್ಚಲು ನೆನಪಿರಬೇಕು. ಅದನ್ನು ಮರೆತು ನೀರಿಗಿಳಿದವರ ಕತೆ ಪ್ರತಿ ಕಯಾಕ್ ಗುಂಪಿನಲ್ಲೂ ಒಂದಿರುತ್ತದೆ. ಕತೆಯ ನಾಯಕ ಯಾವಾಗಲೂ ಅಂದು ಬಾರದೆ ಇದ್ದವನು.

ಕಾಲಿನ ಬಗ್ಗೆ ಚರ್ಚೆ ಬೇಗ ಮುಗಿಯಿತು: ಕಣಕಾಲಿಗೆ ರಬ್ಬರ್ ಪಟ್ಟಿಯ ಬದಲು ಸೂಟಿನ ಬಟ್ಟೆಯದ್ದೇ ಕಾಲುಚೀಲವಿದ್ದರೆ ಒಳಗೆ ಉಣ್ಣೆಯ ಕಾಲುಚೀಲ ಹಾಕಬಹುದು, ಪಾದ ಬೆಚ್ಚಗಿರುತ್ತದೆ. ಅಳತೆಯೂ ಸುಲಭ. ತೊಟ್ಟುಕೊಂಡು ಕುಕ್ಕರಗಾಲಲ್ಲಿ ಕೂರಬೇಕು, ಎರಡೂ ಕೈ ಎತ್ತಬೇಕು, ಎಲ್ಲೂ ಜಗ್ಗಬಾರದು. ಕುಕ್ಕರಗಾಲಲ್ಲಿ ಕೂರುವ ಪರೀಕ್ಷೆಯಲ್ಲಿ ಅಂಗಡಿಯವರು ಗಿರಾಕಿಗೆ ಪೂರ್ಣಾಂಕ ಕೊಟ್ಟರು.

ಬಣ್ಣದಲ್ಲಿ ಮಾತ್ರ ದೊಡ್ಡ ಎಡವಟ್ಟಾಯಿತು. ಕಿತ್ತಳೆ, ಹಳದಿ, ಕೆಂಪು ಸೂಟುಗಳಿಗೆ ಪೂರ್ತಿ ಬೆಲೆ. ಹೋದ ವರ್ಷದ ನೀಲಿಯೊಂದಕ್ಕೆ ರಿಯಾಯಿತಿ. ನೀಲಿ ಗಂಭೀರವಾಗಿತ್ತು, ಫೋಟೋಕ್ಕೆ ಒಪ್ಪುತ್ತಿತ್ತು. ನೀಲಿ ಕಡಲಿನಲ್ಲಿ ನೀಲಿ ಮನುಷ್ಯನನ್ನು ಹುಡುಕುವ ಕಷ್ಟ ಆ ಹೊತ್ತಿಗೆ ಯಾರ ತಲೆಗೂ ಬರಲಿಲ್ಲ. ರಿಯಾಯಿತಿಯ ಚೀಟಿ ಚೆನ್ನಾಗಿ ಕಾಣುತ್ತಿತ್ತು.

ದುಡ್ಡು ಕೊಟ್ಟ ಮೇಲೆ ಅಂಗಡಿಯವರು ಒಂದು ಸತ್ಯ ತಿಳಿಸಿದರು. ಡ್ರೈಸೂಟ್ ಬೆಚ್ಚಗಿಡುವುದಿಲ್ಲ. ಒಣಗಿಡುತ್ತದೆ, ಅಷ್ಟೇ. ಬೆಚ್ಚಗಿಡುವುದು ಒಳಗೆ ಹಾಕುವ ಉಣ್ಣೆ ಅಥವಾ ಫ್ಲೀಸ್ ಉಡುಪು. ಹತ್ತಿಯ ಬನಿಯನ್ ಬೆವರು ಕುಡಿದು ತಣ್ಣಗೆ ಕೂರುತ್ತದೆ, ಹಾಗಾಗಿ ಅದಕ್ಕೆ ಪ್ರವೇಶವಿಲ್ಲ. ತಲೆಗೆ ನಿಯೋಪ್ರೀನ್ ಟೋಪಿ, ಕೈಗೆ ಗವಸು, ಸೂಟಿನ ಮೇಲೆ ಬೂಟು ಬೇರೆ. ತೇಲಲು ಸೂಟನ್ನು ನಂಬಬೇಡಿ, ಲೈಫ್ ಜಾಕೆಟ್ ಬೇಕೇ ಬೇಕು. ಸಾವಿರದ ಚಿಲ್ಲರೆ ಕೊಟ್ಟು ಕೊಂಡದ್ದು ಬರೀ ಹೊರಗೋಡೆ ಎಂದು ತಿಳಿದಾಗ ಗಿರಾಕಿ ಮನೆಗೆ ಫೋನ್ ಮಾಡಿ, ಇನ್ನೂ ಸ್ವಲ್ಪ ಹೊತ್ತಾಗುತ್ತದೆ ಎಂದ. ಎಷ್ಟಾಗುತ್ತದೆ ಎಂದು ಆ ಕಡೆಯಿಂದ ಪ್ರಶ್ನೆ ಬಂತು. ಕೇಳಿದ್ದು ಹೊತ್ತಿನ ಬಗ್ಗೆ ಅಲ್ಲ.

ಮನೆಗೆ ಬಂದ ಮೇಲೆ ನಿಜವಾದ ಪರೀಕ್ಷೆ ಕುತ್ತಿಗೆಯದು. ಲ್ಯಾಟೆಕ್ಸ್ ಗ್ಯಾಸ್ಕೆಟ್ ಎಂಬ ತೆಳುವಾದ ರಬ್ಬರ್ ಕೊಳವೆ ಚರ್ಮಕ್ಕೆ ಅಂಟಿ ನೀರನ್ನು ತಡೆಯುತ್ತದೆ. ಹೊಸದು ಬಿಗಿ. ಹೊರಗಿನಿಂದ ಎಳೆದರೆ ಉಗುರು ತಾಗಿ ಹರಿಯುತ್ತದೆ. ಎರಡೂ ಅಂಗೈಯನ್ನು ಒಳಗೆ ತೂರಿಸಿ ಅಗಲಿಸಿ, ಉಸಿರು ಬಿಗಿಹಿಡಿದು ತಲೆ ನುಗ್ಗಿಸಬೇಕು. ಒಳಗೆ ಕತ್ತಲೆ, ಟಾಲ್ಕಂ ಪೌಡರಿನ ಘಮ, ಕಿವಿ ಮಡಚಿಕೊಂಡ ನೋವು. ತಲೆ ಹೊರಗೆ ಬಂದ ಮೇಲೆ ಮುಖ ಕೆಂಪು. ಬಹಳ ಬಿಗಿಯಾದರೆ ತಲೆ ಸುತ್ತುತ್ತದೆ, ಅದು ಸಹಿಸಬೇಕಾದ ವಿಷಯವಲ್ಲ. ಪರಿಹಾರ ಎರಡು. ಒಂದು, ಅದನ್ನು ಸರಿಯಾದ ಸುತ್ತಳತೆಯ ಪಾತ್ರೆಗೆ ಏರಿಸಿ ರಾತ್ರಿಯಿಡೀ ಹಿಗ್ಗಲು ಬಿಡುವುದು. ಇನ್ನೊಂದು, ಕತ್ತರಿ ಹಿಡಿದು ಒಂದೊಂದೇ ಉಂಗುರದಷ್ಟು ಕತ್ತರಿಸುವುದು. ಗಿರಾಕಿ ತಣ್ಣೀರನ್ನೂ ಆರಿಸಿ ಕುಡಿಯುವ ಜಾತಿಗೆ ಸೇರಿದವನಾಗಿದ್ದರಿಂದ ಮೊದಲು ಪಾತ್ರೆಯ ದಾರಿ ಹಿಡಿದ. ಬೆಳಿಗ್ಗೆ ಸಾರಿಗೆ ಪಾತ್ರೆ ಹುಡುಕಿದವರಿಗೆ ಅದು ಊಟದ ಕೋಣೆಯಲ್ಲಿ ಸೂಟಿನ ಕೊರಳೊಳಗೆ ಸಿಕ್ಕಿತು.

ಗ್ಯಾಸ್ಕೆಟ್ಟಿಗೂ ಚರ್ಮಕ್ಕೂ ನಡುವೆ ಒಂದು ಕೂದಲು ಬಂದರೂ ನೀರಿಗೆ ದಾರಿ. ಹಾಗಾಗಿ ಕತ್ತಿನವರೆಗೆ ಬೆಳೆದ ಗಡ್ಡಕ್ಕೆ ಕತ್ತರಿ. ಕೊರಳ ಸರ ಗ್ಯಾಸ್ಕೆಟ್ಟಿನ ಕೆಳಗೆ ಹಾಯ್ದರೆ ತೊಂದರೆ, ಕೈಗಡಿಯಾರ ಉಂಗುರಗಳಿಂದ ರಬ್ಬರು ಹರಿಯುವ ಭಯ. ದೇವಸ್ಥಾನದಿಂದ ಬಂದು ಮಣಿಕಟ್ಟಿಗೆ ಕಟ್ಟಿದ ಕೆಂಪು ದಾರ ನೀರನ್ನು ಹನಿಹನಿಯಾಗಿ ಒಳಗೆ ಹೀರಿಕೊಳ್ಳುತ್ತದೆ. ಅದನ್ನು ಮೊಳಕೈಯ ಕಡೆಗೆ ಸರಿಸಿದರೆ ದೇವರಿಗೂ ಬೇಸರವಿಲ್ಲ, ಸೂಟಿಗೂ ಇಲ್ಲ. ಜನಿವಾರಕ್ಕೆ ಯಾವ ಅಡ್ಡಿಯೂ ಇಲ್ಲ. ಅದು ಪೂರ್ತಿ ಸೂಟಿನೊಳಗೇ ಇರುವುದರಿಂದ ಎಲ್ಲೂ ಗಡಿ ದಾಟುವುದಿಲ್ಲ.

ಪ್ರಯೋಗಕ್ಕೆಂದು ನೀರಿಗಿಳಿದ ದಿನ ಇನ್ನೊಂದು ವಿದ್ಯೆ ಕಲಿಯಬೇಕಾಯಿತು. ಒಳಗೆ ಉಳಿದ ಗಾಳಿ ಕಾಲಿಗೆ ಸೇರಿದರೆ ಪಾದ ಮೇಲೆದ್ದು ಮನುಷ್ಯ ವಿಚಿತ್ರ ಭಂಗಿಯಲ್ಲಿ ತೇಲುತ್ತಾನೆ. ಅದಕ್ಕೆ ಸೊಂಟದವರೆಗೆ ನೀರಿಗಿಳಿದು ಕುಕ್ಕರಿಸಿ, ಕತ್ತಿನ ಗ್ಯಾಸ್ಕೆಟನ್ನು ಒಂದು ಬೆರಳಿನಿಂದ ಬಿಡಿಸಿದರೆ ಗಾಳಿ ಸದ್ದು ಮಾಡುತ್ತ ಹೊರಡುತ್ತದೆ. ಸೂಟಿಗೆ ತೇಗು ಬರಿಸುವುದು ಎಂದೇ ಇದರ ಹೆಸರು. ದಡದಲ್ಲಿದ್ದವರು ಆ ಸದ್ದಿಗೆ ತಿರುಗಿ ನೋಡಿ, ಮರ್ಯಾದೆಗೆ ಬೇರೆ ಕಡೆ ಮುಖ ಮಾಡಿದರು. ಅರ್ಧ ಗಂಟೆ ತೇಲಿ ಮೇಲೆ ಬಂದರೆ ಒಳಂಗಿ ಒದ್ದೆ! ಸಾವಿರ ಡಾಲರು ಸೋರಿತೆಂದು ಗಿರಾಕಿಯ ಎದೆ ಒಡೆಯಿತು. ಜೊತೆಯವರು ತನಿಖೆ ನಡೆಸಿದರು. ಪಾದ ಒದ್ದೆಯಿದ್ದರೆ ಸೋರಿಕೆ, ಬೆನ್ನು ಒದ್ದೆಯಿದ್ದರೆ ಬೆವರು. ಬೆನ್ನೇ ಒದ್ದೆಯಾಗಿತ್ತು. ಅವನು ಹೆದರಿಕೆಗೆ ಮೂರು ಪದರ ಉಣ್ಣೆ ಹಾಕಿದ್ದ.

ಇಷ್ಟು ದಿನ ಇದನ್ನೆಲ್ಲ ನೋಡುತ್ತಿದ್ದ ಹೆಂಡತಿ ತನಗೂ ಒಂದು ಇರಲಿ ಎಂದಳು. ಗಿರಾಕಿ ಉತ್ಸಾಹದಿಂದ ಉಪನ್ಯಾಸಕ್ಕೆ ಸಿದ್ಧನಾದ: ಐಸ್‌ಕ್ಯಾಂಡಿ ಮೇಷ್ಟ್ರು, 1875, ಬಾಬ್ ಗೋರನ ಸಿಟ್ಟು. ಅಂಗಡಿಗೆ ಹೋಗುವ ದಾರಿಯಲ್ಲಿ ಅವನು ಇನ್ನೂ ಗ್ರೀನ್‌ಲ್ಯಾಂಡಿನಲ್ಲೇ ಇದ್ದ. ಅವಳು ಕೌಂಟರಿನಲ್ಲಿ ಮೂರೇ ಪ್ರಶ್ನೆ ಕೇಳಿದಳು. ಗ್ಯಾಸ್ಕೆಟ್ ಹರಿದರೆ ಎಲ್ಲಿ ಬದಲಿಸುತ್ತೀರಿ, ಹಿಂದಿನ ಜಿಪ್ಪು ಗವಸು ಹಾಕಿದ ಕೈಗೆ ಸಿಗುತ್ತದೆಯೇ, ನೀರಿನಲ್ಲಿ ದೂರದಿಂದ ಯಾವ ಬಣ್ಣ ಕಾಣುತ್ತದೆ. ಪೂರ್ತಿ ಬೆಲೆ ಕೊಟ್ಟು ಕಿತ್ತಳೆ ಬಣ್ಣದ್ದನ್ನು ಕಟ್ಟಿಸಿಕೊಂಡು ಹೊರಟಳು.

ಮುಂದಿನ ಭಾನುವಾರ ಗುಂಪಿನಲ್ಲಿ ಹೊರಟಾಗ ದಾರಿ ತೋರಿಸುವ ಹಿರಿಯ ಕಯಾಕಿಗ ಎಲ್ಲರ ಜಿಪ್ಪು, ಗ್ಯಾಸ್ಕೆಟ್, ಜಾಕೆಟ್ ನೋಡುತ್ತ ಬಂದ. ಕಿತ್ತಳೆಯ ಮುಂದೆ ನಿಂತು ತಲೆದೂಗಿದ. ನೀಲಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಂದು ಕ್ಷಣ ಯೋಚಿಸಿ, ಹೇಳಿದ: “ನೀವು ಇವತ್ತು ಇವರ ಪಕ್ಕ ಬಿಟ್ಟು ಕದಲಬೇಡಿ. ಇವರನ್ನು ಹುಡುಕಿದರೆ ನೀವೂ ಸಿಗುತ್ತೀರಿ.”